ಬಂಡೆಯಾಚೆಯ ಕೈ

ಹುಲಿಗೆವ್ವನಿಗೆ ದಿನ ತುಂಬಿದ್ದವು. ಮೊದಲ ಕೂಸು ಹುಟ್ಟಿದ ದಿನವೇ ಕಣ್ಣು ಮುಚ್ಚಿತ್ತು. ಈ ಸಲ ಅವಳ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು. ಧೈರ್ಯ ಪಡೆಯಲೆಂದು, ಊರಿನ ಎಲ್ಲ ಬಸುರಿಯರಂತೆ ಅವಳೂ ಅತ್ತೆ ಪಾರವ್ವನ ಜೊತೆ ಗುಡ್ಡದ ಗವಿಗೆ ಬಂದಳು.

ಗವಿಯ ತುಂಬ ಆದಿಮಾನವರು ಕೆಮ್ಮಣ್ಣಿನಲ್ಲಿ ಬರೆದ ಗೂಳಿ, ಜಿಂಕೆಗಳು. ನಡುವೆ ಒಂದು ಅಂಗೈ ಗುರುತು. ಅದರ ಮೇಲೆ ಕೈಯಿಟ್ಟರೆ, ಸಾವಿರಾರು ವರ್ಷಗಳ ಆಚೆಯಿಂದ, ಅದನ್ನು ಒತ್ತಿದವಳ ಕೈ ಬೆಚ್ಚಗೆ ತಾಗುತ್ತಿತ್ತು. ಊರಿಗೆ ಅದೇನೂ ಹೊಸದಲ್ಲ. ಪಾರವ್ವ ಗವಿಯ ಬಾಯಲ್ಲೇ ಕೂತು ಎಲೆ ಅಡಿಕೆ ಹಾಕಿಕೊಂಡಳು.

ಹುಲಿಗೆವ್ವ ಕೈಯಿಟ್ಟಳು. ಆಚೆಯ ಕೈ ತಣ್ಣಗೆ ಬೆವೆತಿತ್ತು.

"ಅತ್ತಿ, ಈಕಿ ಕೈ ನಡಗಾಕತ್ತೈತ್ರಿ!"

ಪಾರವ್ವ ಒಳಗೆ ಬಂದು ಮುಟ್ಟಿ ನೋಡಿದಳು. ಅವಳ ಮುಖ ಸಪ್ಪಗಾಯಿತು. "ಹೆರಿಗಿ ಬ್ಯಾನಿ ತಿನ್ನಾಕತ್ತಾಳವ್ವ. ನಡಿ ಹೋಗೂಣು, ಕೆಟ್ಟದ್ದಾದ್ರ ನೀ ಇಲ್ಲಿರಬಾರ್ದು."

ಹುಲಿಗೆವ್ವ ಕೈ ತೆಗೆಯಹೋದಳು. ಆಚೆಯ ಬೆರಳುಗಳು ಅವಳ ಬೆರಳುಗಳಿಗೆ ಗಟ್ಟಿಯಾಗಿ ಒತ್ತಿಕೊಂಡವು. ಹೋದ ಸಲದ ಹೆರಿಗೆಯಲ್ಲಿ ತಾನೂ ಹೀಗೆಯೇ ಅತ್ತೆಯ ಸೆರಗು ಹಿಡಿದದ್ದು ನೆನಪಾಯಿತು.

"ನಾ ಬರಾಂಗಿಲ್ರಿ" ಎಂದವಳು ಬಂಡೆಗೆ ಹಣೆ ಹಚ್ಚಿ ಪಿಸುಗುಟ್ಟಿದಳು: "ಅಂಜಬ್ಯಾಡವ್ವ, ಇಲ್ಲೇ ಅದೀನಿ."

ಕಾಲು ಜೋಮು ಹಿಡಿದರೂ ಅವಳು ಕದಲಲಿಲ್ಲ. ಬಹಳ ಹೊತ್ತಿನ ಮೇಲೆ ಆಚೆಯ ಕೈ ಒಮ್ಮೆಲೇ ಸಡಿಲಾಗಿ ಜಾರಿತು. ಹುಲಿಗೆವ್ವ "ಏನಾತವ್ವ? ಏನಾತು?" ಎಂದು ಬಂಡೆಯನ್ನು ತಟ್ಟಿದಳು. ಬಂಡೆ ಬರೀ ಬಂಡೆಯಾಗಿತ್ತು. ಅವಳಿಗೆ ಅಳು ಉಕ್ಕಿ ಬಂತು.

ಪಾರವ್ವ ಸೊಸೆಯನ್ನು ತಬ್ಬಿಕೊಂಡು ಹೊರಗೆ ಕರೆದೊಯ್ಯಲು ತಿರುಗುವಷ್ಟರಲ್ಲಿ, ಹಳೆಯ ಅಂಗೈಯ ಪಕ್ಕದಲ್ಲಿ ಕಲ್ಲು ಒದ್ದೆಯಾಯಿತು. ಅಲ್ಲಿ, ಗುಬ್ಬಿಯ ರೆಕ್ಕೆಯಷ್ಟು ಪುಟ್ಟದೊಂದು ಕೆಂಪು ಅಂಗೈ ಮೆಲ್ಲಗೆ ಮೂಡಿತು.