ಮುಚ್ಚಳ ಒತ್ತಿದ ಕೈ

ಹುಳಿಯೇರಿದ ಸೇಬಿನ ವಾಸನೆ ಬಂದರೆ ಈಗಲೂ ನನಗೆ ಅಮ್ಮನ ಅಂಗೈ ನೆನಪಾಗುತ್ತದೆ. ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ನಮ್ಮ ಕಾಂಡೋ ಫ್ಲ್ಯಾಟಿನ ಅಡುಗೆಮನೆಯಲ್ಲಿ ಅವಳು ತಾನೇ ಸೇಬಿನ ರಸ ಹುದುಗಿಸಿ ಮಾಡಿದ ಸೈಡರನ್ನು ಬಾಟಲಿಗಳಿಗೆ ತುಂಬಿ ಮುಚ್ಚಳ ಒತ್ತುತ್ತಿದ್ದಳು. ಒತ್ತಿ ಒತ್ತಿ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಮುಂದೊಂದು ಸಂಜೆ ಚಾಂಗಿ ಬಿಸಿನೆಸ್ ಪಾರ್ಕಿನಿಂದ ಅಪ್ಪನ ಆಫೀಸಿನವರು ಬಂದರು.

“ಸೂಪರ್ ಗುರೂ! ಯಾರು ಮಾಡಿದ್ದು?” ಎಂದರು ಸೈಡರ್ ಗುಟುಕರಿಸಿದ ಒಬ್ಬ ಅಂಕಲ್.

“ನಾನೇ. ವೀಕೆಂಡೆಲ್ಲಾ ಇದೇ ಕೆಲಸ,” ಎಂದ ಅಪ್ಪ.

“ಅಮ್ಮ ಮಾಡಿದ್ದು ಲಾ!” ಎಂದೆ ನಾನು, ಶಾಲೆಯ ಗೆಳತಿಯರ ಹಾಗೆ ‘ಲಾ’ ಸೇರಿಸಿ.

ಅಪ್ಪ ನಕ್ಕ. “ಅವಳಿಗೆ ಇದರ ವಾಸನೇನೇ ಆಗಲ್ಲ ಪುಟ್ಟಿ.”

ಎಲ್ಲರೂ ನಕ್ಕರು. ಅಮ್ಮ ನನ್ನನ್ನು ನೋಡದೆ, “ಹೋಗು, ಐಸ್ ತಗೊಂಡ್ ಬಾ,” ಎಂದಳು.

ಅಪ್ಪ ಮುಚ್ಚಳ ಒತ್ತುತ್ತಿರುವ ಫೋಟೋ ಒಂದು ಮನೆಯಲ್ಲಿದೆ. ಅದನ್ನು ನೋಡಿ ನೋಡಿ, ಅವನೇ ಮಾಡಿದ್ದನೇನೋ ಎಂದು ನನಗೂ ಒಮ್ಮೊಮ್ಮೆ ಅನ್ನಿಸುತ್ತದೆ.

ಅದನ್ನು ಕ್ಲಿಕ್ಕಿಸಿದವಳು ಅಮ್ಮ.