ನಡೆಯುವವರ ಬುಟ್ಟಿ

ಬುಟ್ಟಿ ಮತ್ತೆ ಉರುಳಿ ಕಾಳೆಲ್ಲ ನೆಲದ ಪಾಲಾಯಿತು. ಸೊಸೆಗೆ ರೇಗಿಹೋಯಿತು. ಬೆಟ್ಟದಿಂದ ಬೆಟ್ಟಕ್ಕೆ ಹೊತ್ತು ನಡೆಯುತ್ತಿದ್ದಾಗ ಈ ದುಂಡು ತಳ ಬೆನ್ನಿಗೆ ಹೇಳಿ ಮಾಡಿಸಿದ ಹಾಗಿತ್ತು. ಸಿಪಾಯಿಗಳು ಅಟ್ಟಿಕೊಂಡು ಬಂದು ಕೂಡಿಹಾಕಿದ ಈ ಸಾಲುಮನೆಯ ಗಟ್ಟಿ ನೆಲದ ಮೇಲೆ ಅದು ಒಂದು ಗಳಿಗೆಯೂ ನೆಟ್ಟಗೆ ನಿಲ್ಲದು. ಅವಳು ಕತ್ತಿ ಎತ್ತಿಕೊಂಡು, ತಾನೇ ಹೆಣೆದಿದ್ದ ತಳವನ್ನು ಪರಪರ ಕೊಯ್ದಳು.

"ನಿನ್ನ ಕೈ ಸೇದಿಹೋಗ!" ಅತ್ತೆ ಹೌಹಾರಿದಳು. "ಕೂರೋ ಬುಟ್ಟಿ ಮಾಡ್ತೀಯೇನೇ? ನಾವು ನಡೆಯೋ ಜನ ಕಣೇ!"

"ಎಲ್ಲಿಗೆ ನಡೀತೀರ ಅತ್ತೆ? ಬೇಲಿ ತನಕನಾ? ಅಲ್ಲಿ ಕೋವಿ ಹಿಡ್ಕೊಂಡು ನಿಂತಿದ್ದಾನಲ್ಲ, ಅವನನ್ನ ಕೇಳ್ಕೊಂಡು ಹೋಗಿ!"

ಅಂದುಬಿಟ್ಟ ಮೇಲೆ ಸೊಸೆ ನಾಲಿಗೆ ಕಚ್ಚಿಕೊಂಡಳು. ಅತ್ತೆ ಚೆಲ್ಲಿದ ಕಾಳನ್ನು ಮಡಿಲಿಗೆ ಬಳಿದುಕೊಂಡಳು. ಆಮೇಲೆ ಮೂಲೆಯಲ್ಲಿದ್ದ ತನ್ನ ಹಳೆಯ ಬುಟ್ಟಿಯನ್ನು ತಂದು, ಹಣೆಗೆ ಕೊಟ್ಟು ಹೊರುವ ಪಟ್ಟಿಯನ್ನು ಅದರಿಂದ ಬಿಚ್ಚಿದಳು. ಬೆವರು ಕುಡಿದು ಕಪ್ಪಾಗಿದ್ದ ಪಟ್ಟಿ.

"ಇದಕ್ಕೂ ಚಪ್ಪಟೆ ತಳ ಹಾಕ್ಕೊಡು," ಎಂದು ಬುಟ್ಟಿಯನ್ನು ಸೊಸೆಯ ಮುಂದೆ ತಳ್ಳಿದಳು. ಪಟ್ಟಿಯನ್ನು ಮಾತ್ರ ಕೊಡಲಿಲ್ಲ. ನಾಳೆಯೇ ಹೊರಡುವವಳ ಹಾಗೆ ಸೊಂಟಕ್ಕೆ ಬಿಗಿದು ಕಟ್ಟಿಕೊಂಡಳು.