ಅಜ್ಜಿ ದಾಟಿದ ಬದು

ಆ ಬದುವಿನ ಮೇಲೆ ಲಕ್ಕಿ ಗಿಡವೇ ಇತ್ತೋ, ಆಮೇಲೆ ನಾನೇ ನೆನಪಿನಲ್ಲಿ ನೆಟ್ಟುಕೊಂಡೆನೋ, ಖಚಿತವಿಲ್ಲ. ಈಗ ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನ ಕಾಂಪೌಂಡ್ ಪಕ್ಕ ಲಕ್ಕಿ ಸೊಪ್ಪು ಹಿಸುಕಿ ಮೂಸಿದರೆ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಕಾರ್ಖಾನೆಗಳಿಗೆಂದು ನಮ್ಮ ಹೊಲವನ್ನೂ ತಾತನ ತಮ್ಮ ಚಿಕ್ಕತಾತನ ಹೊಲವನ್ನೂ ಬುಲ್ಡೋಜರ್ ಸಮ ಮಾಡಿ ಹೋಗಿತ್ತು. ನಡುವಿನ ಬದುವೂ ಉಳಿದಿರಲಿಲ್ಲ. ಹಿಂದೊಮ್ಮೆ ಚಿಕ್ಕತಾತ ಅದನ್ನು ಒಂದು ಸಾಲು ಕೊರೆದು ಉತ್ತಿದ್ದರೆಂದು ಜಗಳವಾಗಿ, ಅಜ್ಜಿಗೂ ಅವರಿಗೂ ಮಾತು ನಿಂತು ಎಷ್ಟೋ ವರ್ಷವಾಗಿತ್ತು.

ಕೆರೆಯಿಂದ ಎಮ್ಮೆ ತರಲು ಹೊರಟ ಅಜ್ಜಿ, ಸಡಿಲ ಕೆಮ್ಮಣ್ಣಿನಲ್ಲಿ ಬದು ಇದ್ದ ಜಾಗ ಹಿಡಿದೇ ನಡೆದಳು. ನಾನು ಅಡ್ಡ ಓಡಿದರೆ, "ಅದು ಅವ್ರ ಹೊಲ ಕಣೆ, ಈಚೆ ಬಾ" ಎಂದು ಕೈ ಹಿಡಿದೆಳೆದಳು.

ಉಳಿದಿದ್ದ ಒಂದೇ ಹೊಂಗೆ ಮರದ ಕೆಳಗೆ ಚಿಕ್ಕತಾತ ಕೂತಿದ್ದರು. "ಇಂಗೇ ಅಡ್ಡ ಬನ್ನಿ ಅತ್ತಿಗೆ. ಬದು ಎಲ್ಲೈತೆ ಈಗ?" ಎಂದು ಕೂಗಿದರು.

"ನಿನ್ ರಾಗಿ ತುಳಿದ್ಬಿಟ್ರೆ?" ಅಂದಳು ಅಜ್ಜಿ.

"ತುಳೀರಿ. ನಾನೇನೂ ಅನ್ನಲ್ಲ."

ಅವರು ನಕ್ಕರೋ ಇಲ್ಲವೋ ಮರೆತಿದೆ.  ಅಜ್ಜಿ ಸೀರೆ ಎತ್ತಿ ಹಿಡಿದು, ಆ ಮಟ್ಟಸ ನೆಲದಲ್ಲಿ ಮೊಣಕಾಲೆತ್ತರಕ್ಕೆ ಕಾಲೆತ್ತಿ ಆಚೆಗಿಟ್ಟಳು. ಹೊಂಗೆ ನೆರಳಲ್ಲಿ ಕೂತು, ಎಲೆಅಡಿಕೆ ಚೀಲ ಬಿಚ್ಚಿ ಮೈದುನನ ಮುಂದಿಟ್ಟಳು.

ಎಮ್ಮೆ ಹೊಡೆದುಕೊಂಡು ಬರುವಾಗ ನಾನು ಕೇಳಿದೆ: "ಅಲ್ಲೇನೂ ಇರ್ಲಿಲ್ವಲ್ಲಜ್ಜಿ, ಅಷ್ಟೆತ್ತರಕ್ಕೆ ಯಾಕೆ ಕಾಲೆತ್ತಿದೆ?"